ಎಡಗೆನ್ನೆಯ ಬರೆ

ಭದ್ರಾವತಿಯ ನ್ಯೂ ಟೌನಿನಲ್ಲಿ ಯಾರಾದರೂ ‘ಚಂದ್ರಶೇಖರಪ್ಪನವರೇ’ ಎಂದು ಕೂಗಿದರೆ ಸ್ವತಃ ಚಂದ್ರಶೇಖರಪ್ಪನವರೇ ಒಂದು ಗಳಿಗೆ ಹಿಂದಕ್ಕೆ ತಿರುಗಿ ನೋಡುತ್ತಿದ್ದರು, ಕರೆಸಿಕೊಂಡವರು ಯಾರಪ್ಪಾ ಎಂದು. ಊರಿಗೆಲ್ಲ ಅವರು ಬಣ್ಣದ ಮೇಷ್ಟ್ರು. ಹಗಲೆಲ್ಲ ಕಾರ್ಖಾನೆಯಲ್ಲಿ ತಗಡಿಗೆ ಬಣ್ಣ ಬಳಿದು ಬೋರ್ಡು ಬರೆಯುವುದು, ಸಂಜೆ ಸೈರನ್ ಕೂಗಿದ ಮೇಲೆ ಕಾರ್ಮಿಕರ ನಾಟಕ ಸಂಘದಲ್ಲಿ ಮುಖಕ್ಕೆ ಬಣ್ಣ ಬಳಿಯುವುದು. ತಗಡಿನ ಬಣ್ಣಕ್ಕೆ ಸಂಬಳ ಬರುತ್ತಿತ್ತು, ಮುಖದ ಬಣ್ಣಕ್ಕೆ ಚಪ್ಪಾಳೆ. ಎರಡರಲ್ಲಿ ಯಾವುದು ಹೆಚ್ಚು ಮೇಷ್ಟ್ರೇ ಎಂದು ಕೇಳಿದರೆ, ಹೆಂಡತಿ ಜಗದಾಂಬಾ ಹತ್ತಿರದಲ್ಲಿಲ್ಲ ಎಂದು ಖಾತ್ರಿ ಮಾಡಿಕೊಂಡು, ಎರಡನೆಯದೇ ಎನ್ನುತ್ತಿದ್ದರು.

ಅವರ ಕೈಯ ಕೆಲಸಕ್ಕೆ ಒಂದು ಶಾಸ್ತ್ರವಿತ್ತು. ಬರೆದಿಟ್ಟ ಶಾಸ್ತ್ರವಲ್ಲ, ಅವರೇ ಮಾಡಿಕೊಂಡದ್ದು. ನಾಯಕನ ಮುಖ ತೊಳೆದ ತಟ್ಟೆಯ ಹಾಗೆ ಸ್ವಚ್ಛ. ನಾಯಕಿಗೆ ಗಲ್ಲದ ಮೇಲೆ ಸಾಸಿವೆ ಕಾಳಿನಷ್ಟು ಮಚ್ಚೆ. ಮನೆ ಮುರಿಯುವ ಅತ್ತಿಗೆಗೆ ಅದೇ ಮಚ್ಚೆ ಮೇಲ್ದುಟಿಗೆ ಏರಿ ಕಡಲೆ ಕಾಳಿನಷ್ಟಾಗುತ್ತಿತ್ತು. ಚಾಡಿಕೋರನಿಗೆ ಮೂಗಿನ ತುದಿಯಲ್ಲಿ ನರಹುಲಿ. ಖಳನಾಯಕನಿಗೋ, ಎಡಗೆನ್ನೆಯ ಮೇಲೆ ಕಣ್ಣಿನ ಕೊನೆಯಿಂದ ತುಟಿಯ ಅಂಚಿನವರೆಗೆ ಓರೆಯಾಗಿ ಇಳಿದ ಗಾಯದ ಬರೆ. ಜಾಲಿ ಗೋಂದಿಗೆ ಹತ್ತಿ ಮೆತ್ತಿ, ಒಣಗಿದ ಮೇಲೆ ಇಂಗಳೀಕದ ಕೆಂಪು, ಅದರ ಅಂಚಿಗೆ ಸಣ್ಣಗೆ ಕಾಡಿಗೆ. ಒಣಗುವುದಕ್ಕೇ ಒಂದು ಗಂಟೆ ಬೇಕು. ಅದು ಮುಗಿದು ಖಳನಾಯಕ ಒಮ್ಮೆ ತುಟಿ ಸೊಟ್ಟ ಮಾಡಿದನೋ, ಮುಂದಿನ ಸಾಲಿನ ಮಕ್ಕಳು ಅವ್ವಂದಿರ ಸೆರಗಿನೊಳಗೆ ಹೊಕ್ಕುಬಿಡುತ್ತಿದ್ದರು.

ಇದನ್ನೆಲ್ಲ ಅವರು ಸುಮ್ಮನೆ ಶೋಕಿಗೆ ಮಾಡಿದ್ದಲ್ಲ. ಸಂಘದ ನಾಟಕ ನೋಡಲು ಬರುವವರಲ್ಲಿ ಅರ್ಧ ಜನಕ್ಕೆ ಕನ್ನಡ ಅಷ್ಟಕ್ಕಷ್ಟೇ. ಸೇಲಂ ಕಡೆಯ ಫಿಟ್ಟರುಗಳು, ಕರ್ನೂಲು ಕಡೆಯ ಮೇಸ್ತ್ರಿಗಳು, ಬಂದು ಇನ್ನೂ ಎರಡು ತಿಂಗಳಾಗದ ಕೂಲಿಯವರು. ಮೈಕಂತೂ ಇಲ್ಲವೇ ಇಲ್ಲ. ಮಾತು ಕಿವಿಗೆ ಬೀಳದವನಿಗೂ, ಬಿದ್ದರೂ ಅರ್ಥವಾಗದವನಿಗೂ ಮುಖ ನೋಡಿದರೆ ಸಾಕು, ಕಥೆ ಗೊತ್ತಾಗಬೇಕು. ಅದೇ ಅವರ ಹಠ. ಒಂದು ಸಲ ಅವಸರದಲ್ಲಿ ಕನ್ನಡಿಯೊಳಗಿನ ಮುಖ ನೋಡಿಕೊಂಡು ಬರೆದು ಬರೆ ಬಲಗೆನ್ನೆಗೆ ಹೋಯಿತು. ಅಯ್ಯೋ, ಆವತ್ತಿನ ಗಲಾಟೆ ಕೇಳಬೇಡಿ! ಹಿಂದಿನ ಸಾಲಿನವರೆಲ್ಲ ಇವನು ಖಳನಾಯಕನ ಅವಳಿ ತಮ್ಮನಿರಬೇಕು, ನಿಜವಾದವನು ಈಗ ಬರುತ್ತಾನೆ ಎಂದುಕೊಂಡು ಕೊನೆಯ ಅಂಕದವರೆಗೂ ಕಾದರು. ಮಂಗಳ ಹಾಡಿದ ಮೇಲೂ ಏಳಲಿಲ್ಲ. ‘ಅಣ್ಣ ಎಲ್ಲಿ?’ ಎಂದು ಒಬ್ಬ ಎದ್ದು ನಿಂತು ಜಗಳಕ್ಕೇ ಬಂದ.

ಹದಿನಾರು ವರ್ಷ ಆ ಬರೆ ಹೊತ್ತವನು ಪುಟ್ಟಯ್ಯ. ಕಾರ್ಖಾನೆಯ ಕ್ಯಾಂಟೀನಿನಲ್ಲಿ ವಡೆ ಕರಿಯುವ ಮನುಷ್ಯ. ಒಲೆಯ ಮುಂದೆ ನಿಂತಿದ್ದರೂ ಒಬ್ಬರ ಮೇಲೆ ಬಿಸಿಯಾಗಿ ಮಾತಾಡಿದವನಲ್ಲ. ಆದರೇನು, ಹಳೇ ಊರಿನಿಂದ ನ್ಯೂ ಟೌನಿನವರೆಗೆ ಊಟ ಮಾಡದ ಮಕ್ಕಳಿಗೆ ‘ಪುಟ್ಟಯ್ಯ ಬಂದ ನೋಡು’ ಎಂದರೆ ಸಾಕು, ತುತ್ತು ತಾನಾಗಿ ಒಳಗಿಳಿಯುತ್ತಿತ್ತು. ಪುಟ್ಟಯ್ಯ ನಗುತ್ತಿದ್ದ, ಚಂದ್ರಶೇಖರಪ್ಪನವರು ಮೀಸೆ ತಿರುವುತ್ತಿದ್ದರು. ತಮ್ಮ ಬಣ್ಣಕ್ಕೆ ಊರೇ ಹೆದರುತ್ತದೆ ಎಂದರೆ ಯಾರಿಗೆ ಹೆಮ್ಮೆಯಾಗುವುದಿಲ್ಲ ಹೇಳಿ?

ಆದರೆ ಊರನ್ನು ಹೆದರಿಸಿದವರು ಒಂದು ದಿನ ತಾವೇ ಹೆದರಿಕೊಂಡರು. ಐವತ್ತೆಂಟನೆಯ ಇಸವಿಯ ಮಾತು. ಮಗಳು ಜಯಶೀಲಾಳಿಗೆ ಇಪ್ಪತ್ತು ತುಂಬಿತ್ತು. ಶಿವಮೊಗ್ಗದ ಅಂಚೆ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಧರ್ಮಪ್ಪ ಎಂಬ ಹುಡುಗನ ಕಡೆಯಿಂದ ಸಂಬಂಧ ಬಂದಿತ್ತು. ಕುಂಸಿಯ ಹತ್ತಿರದ ಒಕ್ಕಲು ಮನೆ, ಒಳ್ಳೆಯ ಜನ, ಜಾತಕವೂ ಕೂಡಿತ್ತು. ಕಾರ್ತಿಕದ ಒಂದು ಭಾನುವಾರ ಹುಡುಗ ತಾಯಿಯನ್ನೂ ಸೋದರಮಾವನನ್ನೂ ಕರೆದುಕೊಂಡು ಬೆಳಗಿನ ರೈಲಿಗೆ ಬಂದಿಳಿದ. ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತು ‘ಬನ್ನಿ ಬನ್ನಿ’ ಎಂದು ಕೈ ಮುಗಿದ ಚಂದ್ರಶೇಖರಪ್ಪನವರು ಹುಡುಗನ ಮುಖ ನೋಡಿದವರೇ, ಮುಗಿದ ಕೈ ಇಳಿಸುವುದನ್ನೇ ಮರೆತರು.

ಎಡಗೆನ್ನೆ. ಕಣ್ಣಿನ ಕೊನೆಯಿಂದ ತುಟಿಯ ಅಂಚಿನವರೆಗೆ. ಓರೆಯಾಗಿ. ಒಂದು ಎಳೆ ಆಚೆ ಈಚೆ ಇಲ್ಲ!

ಮುಂದಿನದೆಲ್ಲ ಅವರಿಗೆ ಸರಿಯಾಗಿ ಕಾಣಲೇ ಇಲ್ಲ. ಹುಡುಗ ನಕ್ಕರೆ ಇವರಿಗೆ ಮೂರನೆಯ ಅಂಕದ ಒಳಸಂಚು ನೆನಪಾಗುತ್ತಿತ್ತು. ಉಪ್ಪಿಟ್ಟು ಚೆನ್ನಾಗಿದೆ ಎಂದು ಅವನು ಇನ್ನಷ್ಟು ಹಾಕಿಸಿಕೊಂಡರೆ, ನಾಯಕಿಯ ಅಪ್ಪನ ಆಸ್ತಿ ನುಂಗುವ ದೃಶ್ಯವೇ ಕಣ್ಣ ಮುಂದೆ ಬಂದು ನಿಂತಿತು. ಜಯಶೀಲಾ ಕಾಫಿ ತಂದು ಕೊಟ್ಟಳು, ತಲೆ ಎತ್ತಿ ಅವನ ಮುಖವನ್ನು ಒಮ್ಮೆ ಚೆನ್ನಾಗಿ ನೋಡಿದಳು, ಒಳಗೆ ಹೋದಳು. ಅಡುಗೆಮನೆಯಲ್ಲಿ ಅವ್ವನ ಕಿವಿಯಲ್ಲಿ ‘ನಂಗೆ ಒಪ್ಪಿಗೆ’ ಎಂದಳು. ಹುಡುಗನ ಕಡೆಯವರೂ ಹೊರಡುವಾಗ, ‘ನಮ್ಮದೇನೂ ತಕರಾರಿಲ್ಲ. ಧನುರ್ಮಾಸ ಹತ್ತೋದರೊಳಗೆ ಒಂದು ಮಾತು ಹೇಳಿ ಕಳಿಸಿಬಿಡಿ’ ಎಂದರು.

ಅವರು ಓಣಿ ದಾಟಿದ್ದೇ ತಡ, ಚಂದ್ರಶೇಖರಪ್ಪನವರು ‘ಈ ಸಂಬಂಧ ಬೇಡ’ ಎಂದರು.

“ಯಾಕೆ?” ಎಂದಳು ಜಗದಾಂಬಾ.

“ಯಾಕೆ ಅಂದ್ರೆ? ಬೇಡ ಅಷ್ಟೇ. ಆ ಹುಡುಗನ ಮುಖ ನಂಗೆ ಸರಿ ಕಾಣಲಿಲ್ಲ.”

“ಮುಖಕ್ಕೆ ಏನಾಗಿದೆ? ಕೆನ್ನೆ ಮೇಲೊಂದು ಹಳೇ ಕಲೆ. ಅಷ್ಟೇ ತಾನೇ?”

“ನಿಂಗೆ ಗೊತ್ತಾಗಲ್ಲ ಸುಮ್ನಿರೇ. ಇಪ್ಪತ್ತು ವರ್ಷದಿಂದ ಮುಖ ನೋಡಿದೋನು ನಾನು. ಅಂಥಾ ಕಲೆ ಎಲ್ಲಿ ಬರುತ್ತೆ, ಹೆಂಗೆ ಬರುತ್ತೆ ನಂಗೆ ಗೊತ್ತು. ಹೊಡೆದಾಟದಲ್ಲಿ ಬಂದಿರಬೇಕು, ಇಲ್ಲಾ ಇನ್ನೇನೋ ಬಾರದ ಕೆಲಸದಲ್ಲಿ.”

ಜಗದಾಂಬಾ ಎಂದರೆ ಮೆತ್ತಗಿನ ಹೆಂಗಸಲ್ಲ. ಕಾಫಿ ಲೋಟ ಎತ್ತುತ್ತಿದ್ದವಳು ಕೆಳಗಿಟ್ಟಳು. “ರೀ, ಕಂಠದಲ್ಲಿ ಕಲೆ ಇರೋ ದೇವರನ್ನ ಲಿಂಗದ ಕರಡಿಗೆಯಲ್ಲಿಟ್ಟು ಎದೆ ಮೇಲೆ ಕಟ್ಕೊಂಡು ತಿರುಗ್ತೀರಿ. ದಿನಾ ಬೆಳಿಗ್ಗೆ ಅಂಗೈಲಿಟ್ಟು ಪೂಜೆ ಮಾಡ್ತೀರಿ. ಕೆನ್ನೆ ಮೇಲೆ ಕಲೆ ಇರೋ ಹುಡುಗ ಮಾತ್ರ ಆಗಲ್ವಾ?”

ಈ ಮಾತು ಕೇಳಿ ಅವರಿಗೆ ಇನ್ನಷ್ಟು ಸಿಟ್ಟು ಬಂತು. ದೇವರ ಮಾತು ಬೇರೆ, ಅಳಿಯನ ಮಾತು ಬೇರೆ ಎಂದು ಟವೆಲು ಕೊಡವಿ ಹೊರಗೆ ಹೋದರು.

ಹಾಗೆಂದು ಅವರಿಗೇನು ಸುಖವಿತ್ತೆ? ಇಲ್ಲ. ಇದ್ದವಳು ಒಬ್ಬಳೇ ಮಗಳು. ತುತ್ತು ಬಾಯಿಗಿಟ್ಟುಕೊಂಡರೆ ಅವಳ ಮುಖ ಕಾಣುತ್ತಿತ್ತು. ಜಯಶೀಲಾ ಅಳಲಿಲ್ಲ, ಹಟ ಮಾಡಲಿಲ್ಲ, ಅಪ್ಪಾಜಿ ಏನು ಹೇಳಿದರೂ ‘ಹೂಂ’ ಎಂದಳು. ಆ ‘ಹೂಂ’ ಇತ್ತಲ್ಲ, ಅದು ಬೈಗುಳಕ್ಕಿಂತ ಕಡೆ. ಕಾರ್ಖಾನೆಯ ಪೇಂಟ್ ಶಾಪಿನಲ್ಲಿ ‘ಅಪಾಯ’ ಎಂದು ಬರೆದು ಕೆಳಗೆ ತಲೆಬುರುಡೆ ಬಿಡಿಸುವಾಗಲೂ ಅವರಿಗೆ ಅದೇ ಚಿಂತೆ. ಬೇಡ ಎಂದರೆ ಮಗಳು ಜನ್ಮವೆಲ್ಲ ಕೊರಗುತ್ತಾಳೆ, ಹೌದು ಎಂದರೆ ಆ ಬರೆಯ ಮುಖದವನ ಕೈಗೆ ಕೊಡಬೇಕು. ತಾವು ಹದಿನಾರು ವರ್ಷ ಕೈಯಾರೆ ಬರೆದದ್ದನ್ನೇ ತಾವು ನಂಬಿ ಕೂತಿದ್ದೇವೆ ಎಂಬುದು ಮಾತ್ರ ಅವರಿಗೆ ಹೊಳೆಯಲಿಲ್ಲ. ಹೊಳೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ದಿನ ಕಳೆಯುತ್ತ ಬಂತು. ಧನುರ್ಮಾಸಕ್ಕೆ ಇನ್ನು ಮೂರೇ ದಿನ ಉಳಿದಿತ್ತು. ಶನಿವಾರ ಸಂಘದ ಹೊಸ ನಾಟಕವಿತ್ತು. ಗಂಡನನ್ನು ಮನೆಯಲ್ಲಿ ಅಲುಗಾಡಿಸುವುದು ಸಾಧ್ಯವಿಲ್ಲ ಎಂದು ಕಂಡುಕೊಂಡ ಜಗದಾಂಬಾ ಯಾರಿಗೂ ಹೇಳದೆ ಶಿವಮೊಗ್ಗಕ್ಕೆ ಒಂದು ಕಾರ್ಡು ಹಾಕಿದ್ದಳು. ‘ಶನಿವಾರ ನಾಲ್ಕು ಗಂಟೆಗೆ ಸಂಘದ ಷೆಡ್ಡಿಗೆ ಬಂದು ನೀವೇ ಅವರ ಹತ್ತಿರ ಮಾತಾಡಿ. ಕೈಯಲ್ಲಿ ಬಣ್ಣ ಇದ್ದಾಗ ಅವರು ಒಳ್ಳೆಯ ಮನುಷ್ಯರು.’ ಇಷ್ಟೇ ಒಕ್ಕಣೆ.

ಆ ಶನಿವಾರ ಚಂದ್ರಶೇಖರಪ್ಪನವರಿಗೆ ಎಲ್ಲ ಎಡವಟ್ಟು. ಬೆಳಿಗ್ಗೆ ಕನ್ನಡಕ ಕೈಜಾರಿ ಬಿದ್ದು ಗಾಜು ಒಡೆದಿತ್ತು. ಹತ್ತಿರದ್ದು ಮಂಜು, ದೂರದ್ದು ಇನ್ನೂ ಮಂಜು. ಕೈಗೆ ಅಭ್ಯಾಸವಿದೆಯಲ್ಲ, ಹೇಗೋ ಆಗುತ್ತದೆ ಎಂದು ಬಣ್ಣದ ಪೆಟ್ಟಿಗೆ ಹಿಡಿದು ಷೆಡ್ಡಿಗೆ ಹೋದರು. ರಂಗದ ಹಿಂದೆ ಗೋಣಿತಾಟು ಕಟ್ಟಿ ಮಾಡಿದ ಬಣ್ಣದ ಕೋಣೆ. ಆಚೆ ಬದಿಯಲ್ಲಿ ಹಾರ್ಮೋನಿಯಂ ತಬಲದವರು ಜೋರಾಗಿ ಶುರು ಹಚ್ಚಿಕೊಂಡಿದ್ದರು, ದನಿ ಯಾರದೆಂದು ಗುರುತು ಸಿಗದಷ್ಟು. ಗೋಂದು ಒಣಗಲು ಹೊತ್ತು ಬೇಕಾದ್ದರಿಂದ ಮೊದಲು ಬಂದು ಸ್ಟೂಲಿನ ಮೇಲೆ ಕೂರುವವನು ಯಾವತ್ತೂ ಪುಟ್ಟಯ್ಯನೇ. ಇವತ್ತೂ ಸ್ಟೂಲಿನ ಮೇಲೆ ಒಬ್ಬ ಕೂತಿದ್ದ. ಚಂದ್ರಶೇಖರಪ್ಪನವರು ಸೀದಾ ಹೋಗಿ ಗಲ್ಲ ಹಿಡಿದು ಮುಖ ಎತ್ತಿದರು. ಎತ್ತಿ ನೋಡಿದರೆ ಕೆನ್ನೆಯ ಮೇಲೆ ಆಗಲೇ ಬರೆ!

“ಯಾವನೋ ಇದನ್ನ ಹಚ್ಚಿದ್ದು?” ಎಂದರು.

“ಹಚ್ಚಿದ್ದಲ್ಲ, ನಾನು...” ಎಂದ ಕೂತವನು.

“ಬಾಯಿ ಆಡಿಸಬೇಡ! ಎಷ್ಟು ಸಲ ಹೇಳಿದೀನಿ, ಬಣ್ಣದ ಸ್ಟೂಲ್ ಮೇಲೆ ಕೂತೋನು ಬಾಯಿ ಆಡಿಸಬಾರದು. ನಾನೊಬ್ಬ ಇದೀನಿ ಅಂತ ಗೊತ್ತಿದ್ದೂ ಇನ್ನೊಬ್ಬನ ಕೈಲಿ ಬರೆಸ್ಕೊಂಡು ಬಂದಿದೀಯಲ್ಲೋ ಮಾರಾಯ! ಇದೇನು ಗಾಯನೋ, ಮೈದಾ ಹಿಟ್ಟು ಮೆತ್ತಿದ್ದೋ? ಅಂಚಿಲ್ಲ, ಉಬ್ಬಿಲ್ಲ. ನಿಜವಾದ ಗಾಯ ಹಿಂಗಿರುತ್ತೇನೋ? ಇದನ್ನ ನೋಡಿದ್ರೆ ಬೆಕ್ಕಿನ ಮರೀನೂ ಹೆದರಲ್ಲ.”

ಹೇಳುತ್ತಲೇ ಬಟ್ಟೆಯ ಚೂರನ್ನು ಕೊಬ್ಬರಿ ಎಣ್ಣೆಯಲ್ಲಿ ಅದ್ದಿ ಕೆನ್ನೆ ತಿಕ್ಕಿದರು. ಹೋಗಲಿಲ್ಲ. ಇನ್ನಷ್ಟು ಎಣ್ಣೆ ಹಾಕಿ ತಿಕ್ಕಿದರು. ಊಹೂಂ. “ಯಾವ ಅಂಟು ಹಾಕಿದಾನೋ ಪುಣ್ಯಾತ್ಮ!” ಎಂದು ಹಲ್ಲು ಕಚ್ಚಿ, ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರು. ಕೂತವನ ಕಣ್ಣಲ್ಲಿ ನೀರು ಬಂತು. ಆದರೆ ಗಲ್ಲವನ್ನು ಬಿಡಿಸಿಕೊಳ್ಳಲಿಲ್ಲ, ಬಾಯಿಯನ್ನೂ ಆಡಿಸಲಿಲ್ಲ.

ಅಷ್ಟರಲ್ಲಿ ಗೋಣಿತಾಟು ಸರಿಯಿತು. “ಮೇಷ್ಟ್ರೇ, ಸ್ವಲ್ಪ ತಡ ಆಯ್ತು. ಸಂಜೆ ವಡೆ ಮುಗಿಸಿ ಬರೋಷ್ಟರಲ್ಲಿ...” ಎನ್ನುತ್ತ ಪುಟ್ಟಯ್ಯ ಒಳಗೆ ಬಂದ.

ಚಂದ್ರಶೇಖರಪ್ಪನವರ ಕೈ ನಿಂತಿತು. ಬೆರಳು ಇನ್ನೂ ಕೆನ್ನೆಯ ಮೇಲೇ ಇತ್ತು. ಬೆರಳ ಕೆಳಗೆ ಬೆಚ್ಚಗೆ ಮನುಷ್ಯನ ಚರ್ಮ. ಗೋಂದಲ್ಲ, ಹತ್ತಿಯಲ್ಲ. ಬಗ್ಗಿ ಮೂಗಿಗೆ ಮೂಗು ತಗಲುವಷ್ಟು ಹತ್ತಿರದಿಂದ ನೋಡಿದರು. ಶಿವಮೊಗ್ಗದ ಹುಡುಗ! ಭೂಮಿ ಬಾಯಿ ಬಿಟ್ಟು ತಮ್ಮನ್ನು ಪೆಟ್ಟಿಗೆಯ ಸಮೇತ ನುಂಗಬಾರದೇ ಎನ್ನಿಸಿತು.

“ಅದು ಹೋಗಲ್ಲ ಸಾರ್,” ಎಂದ ಧರ್ಮಪ್ಪ, ಉರಿಯುವ ಕೆನ್ನೆಯನ್ನು ಅಂಗೈಯಿಂದ ಮುಚ್ಚಿಕೊಂಡು. “ನಮ್ಮವ್ವ ಹರಳೆಣ್ಣೆ, ಅರಿಶಿನ, ಜೇನುತುಪ್ಪ ಎಲ್ಲ ತಿಕ್ಕಿ ನೋಡಿದಾಳೆ. ಕೊಬ್ಬರಿ ಎಣ್ಣೆ ಒಂದು ಬಾಕಿ ಇತ್ತು.”

ಪುಟ್ಟಯ್ಯ ಇಬ್ಬರ ಮುಖವನ್ನೂ ನೋಡಿ, ಏನೂ ಅರ್ಥವಾಗದೆ ಮೂಲೆಯ ಟ್ರಂಕಿನ ಮೇಲೆ ಕೂತ.

“ಮೊದಲೇ ಹೇಳೋದಲ್ವೇನಪ್ಪಾ!” ಎಂದರು ಚಂದ್ರಶೇಖರಪ್ಪನವರು.

“ಬಾಯಿ ಆಡಿಸಬೇಡ ಅಂದ್ರಿ.”

ಇಂಥ ಹೊತ್ತಿನಲ್ಲಿ ಕ್ಷಮೆ ಕೇಳಬೇಕು. ಚಂದ್ರಶೇಖರಪ್ಪನವರಿಗೂ ಅದು ಗೊತ್ತಿತ್ತು. ಆದರೆ ಹದಿನೈದು ದಿನದಿಂದ ಎದೆಯೊಳಗೆ ಕುಟುಕುತ್ತಿದ್ದ ಪ್ರಶ್ನೆಯೇ ಮುಂದೆ ಬಂತು. “ಯಾರು ಹೊಡೆದದ್ದು?” ಎಂದುಬಿಟ್ಟರು.

“ಯಾರೂ ಹೊಡೀಲಿಲ್ಲ ಸಾರ್. ಬೆಲ್ಲ.”

“ಬೆಲ್ಲವೇ?”

“ನಮ್ಮೂರ ಆಲೆಮನೇಲಿ. ನಂಗಾಗ ಏಳು ವರ್ಷ. ಕೊಪ್ಪರಿಗೆಯಲ್ಲಿ ಬೆಲ್ಲ ಪಾಕಕ್ಕೆ ಬಂದಾಗ ಮಕ್ಕಳಿಗೆಲ್ಲ ಕಬ್ಬಿನ ತುಂಡಿಗೆ ಅದ್ದಿ ಕೊಡ್ತಾರಲ್ಲ, ಅದಕ್ಕೆ ಸಾಲಲ್ಲಿ ನಿಲ್ಲಬೇಕು. ನಾನು ನಿಲ್ಲಲಿಲ್ಲ. ಅಪ್ಪ ಆ ಕಡೆ ತಿರುಗಿದ್ದೇ ತಡ, ಕಬ್ಬಿನ ಗರಿ ಕಡ್ಡಿ ಅದ್ದಿ, ತಲೆ ಮೇಲೆತ್ತಿ ಬಾಯಿ ಅಗಲ ಮಾಡಿ ಹಿಡಿದೆ. ಜೋನಿ ಬೆಲ್ಲ ಎಳೆ ಎಳೆಯಾಗಿ ಇಳೀತು ನೋಡಿ, ಕಣ್ಣಿನ ಕೊನೆಗೆ ಬಿದ್ದು ಕೆನ್ನೆ ಮೇಲೆ ಜಾರಿ ತುಟಿ ಹತ್ರ ಬಂದು ನಿಂತುಬಿಡ್ತು. ಕೆನ್ನೆ ಸುಟ್ಟಿದ್ದಕ್ಕೆ ಅತ್ತೆನೋ, ಬೆಲ್ಲ ಬಾಯಿಗೆ ಬರಲಿಲ್ವಲ್ಲ ಅಂತ ಅತ್ತೆನೋ, ನೆನಪಿಲ್ಲ ಸಾರ್.”

ಚಂದ್ರಶೇಖರಪ್ಪನವರಿಗೆ ಹೊಟ್ಟೆಯ ಆಳದಿಂದ ನಗು ಎದ್ದಿತು. ಕತ್ತಿ ಅಂದುಕೊಂಡಿದ್ದರು, ಚೂರಿ ಅಂದುಕೊಂಡಿದ್ದರು, ಸಂತೆಯ ಹೊಡೆದಾಟ, ಜೈಲು, ಇನ್ನೇನೇನೋ ಅಂದುಕೊಂಡಿದ್ದರು. ಬೆಲ್ಲ! ನಕ್ಕು ನಕ್ಕು ಪೆಟ್ಟಿಗೆಯ ಮೇಲೆ ಕೈಯೂರಿ ಕೂತರು. ಹಾರ್ಮೋನಿಯಂ ನಿಂತು, ಏನಾಯಿತೆಂದು ನೋಡಲು ತಾಟಿನ ಆಚೆಯಿಂದ ಎರಡು ತಲೆ ಇಣುಕಿದವು. ಧರ್ಮಪ್ಪನೂ ನಕ್ಕ. ನಕ್ಕಾಗ ಬರೆ ಮಡಿಚಿಕೊಂಡು ತುಟಿಯ ಪಕ್ಕ ಸಣ್ಣ ಗುಳಿ ಬೀಳುತ್ತಿತ್ತು. ಕ್ವಾರ್ಟರ್ಸಿನಲ್ಲಿ ಅವನು ನಕ್ಕಾಗಲೂ ಬಿದ್ದಿರಬೇಕು. ಇವರು ನೋಡಿರಲಿಲ್ಲ ಅಷ್ಟೇ.

“ತಪ್ಪಾಯ್ತಪ್ಪ. ದೊಡ್ಡ ತಪ್ಪಾಯ್ತು,” ಎಂದರು ಕೊನೆಗೆ, ಕಣ್ಣೊರೆಸಿಕೊಂಡು.

ಆರು ಗಂಟೆಗೆ ಪರದೆ ಏಳಬೇಕಿತ್ತು. ಪುಟ್ಟಯ್ಯ ಸ್ಟೂಲಿನ ಮೇಲೆ ಬಂದು ಕೂತು ಎಡಗೆನ್ನೆ ಕೊಟ್ಟ. ಗೋಂದಿನ ಬಟ್ಟಲು ಎತ್ತಿದ ಚಂದ್ರಶೇಖರಪ್ಪನವರ ಕೈ ಮುಂದೆ ಹೋಗದು. ಎದುರಿಗೇ ಆ ಹುಡುಗ ಕೂತಿದ್ದಾನೆ. ಅವನ ಮುಖದ ಗುರುತನ್ನು ಅವನ ಕಣ್ಣೆದುರಿಗೇ ಕೇಡಿಗನ ಮುಖಕ್ಕೆ ಹಚ್ಚುವುದು ಹೇಗೆ?

“ಏನ್ ಮೇಷ್ಟ್ರೇ, ಇವತ್ತು ಬರೀ ಮುಖದಲ್ಲಿ ಹೋಗ್ಲಾ?” ಎಂದ ಪುಟ್ಟಯ್ಯ. “ಹಿಂದಿನ ಸಾಲಿನೋರು ನನ್ನನ್ನ ನಾಯಕನ ಭಾವಮೈದ ಅಂದ್ಕೊಂಡು ಕೈ ಮುಗೀತಾರೆ ಅಷ್ಟೇ.”

ತನ್ನ ಕೆನ್ನೆಯ ಗುರುತೇ ಇಲ್ಲಿ ಖಳನಾಯಕನ ಗುರುತು ಎಂದು ಧರ್ಮಪ್ಪನಿಗೆ ತಿಳಿಯಿತು. ಇವರು ಇಷ್ಟು ದಿನ ಮಾತು ಹೇಳಿ ಕಳಿಸದೆ ಉಳಿದದ್ದು ಯಾಕೆ ಎಂಬುದೂ ಆಗಲೇ ತಿಳಿದಿರಬೇಕು. ಒಂದು ಸಲ ಪುಟ್ಟಯ್ಯನ ಕೆನ್ನೆ ನೋಡಿದ, ಒಂದು ಸಲ ಬಟ್ಟಲು ನೋಡಿದ. ಆಮೇಲೆ ಸ್ಟೂಲಿನ ಪಕ್ಕಕ್ಕೆ ಟ್ರಂಕು ಎಳೆದುಕೊಂಡು ಬೆಳಕಿಗೆ ಮುಖ ಮಾಡಿ ಕೂತ. “ಬರೀರಿ ಸಾರ್. ನಂದು ಇಲ್ಲೇ ಇದೆಯಲ್ಲ, ನೋಡ್ಕೊಂಡೇ ಬರೀರಿ. ಅಂಚಿಲ್ಲ, ಉಬ್ಬಿಲ್ಲ ಅಂದ್ರಲ್ಲ, ಅಷ್ಟು ಮಾತ್ರ ನೀವೇ ಸರಿ ಮಾಡ್ಕೊಳ್ಳಿ.”

ಮನುಷ್ಯ ಎಂಥವನು ಎಂದು ತಿಳಿಯಲು ಇನ್ನೇನು ಬೇಕು? ಚಂದ್ರಶೇಖರಪ್ಪನವರು ಆವತ್ತು ಬರೆದ ಬರೆಯಷ್ಟು ಚೆನ್ನಾಗಿ ಹಿಂದೆ ಬರೆದಿರಲಿಲ್ಲ, ಮುಂದೆ ಹತ್ತು ವರ್ಷ ಬಣ್ಣ ಹಚ್ಚಿದರೂ ಬರೆಯಲಿಲ್ಲ. ಪರದೆ ಎದ್ದದ್ದೇ ಧರ್ಮಪ್ಪನನ್ನು ಮುಂದಿನ ಸಾಲಿನ ಕುರ್ಚಿಯಲ್ಲಿ ಕೂರಿಸಿ, ‘ಎಲ್ಲೂ ಹೋಗಬೇಡ, ಬಂದೆ’ ಎಂದು ಹೇಳಿ, ಬಣ್ಣದ ಕೈ ತೊಳೆಯದೆ ಮನೆಯ ಕಡೆ ಹೆಜ್ಜೆ ಹಾಕಿದರು.

ಜಯಶೀಲಾ ನಡುಮನೆಯಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಬುದ್ಧಿ ಬಂದಾಗಿನಿಂದ ಅವಳು ತಪ್ಪಿಸಿಕೊಂಡ ಮೊದಲ ನಾಟಕ ಅದು. ಅಪ್ಪನನ್ನು ಕಂಡು ಎದ್ದು ನಿಂತಳು.

“ಕೂತ್ಕೋ ಮಗಳೇ,” ಎಂದರು ಚಂದ್ರಶೇಖರಪ್ಪನವರು. “ಆ ಹುಡುಗ ಆಗಬಹುದು. ಚಿನ್ನದಂಥಾ ಹುಡುಗ. ನಾನು ಕಣ್ಣಿದ್ದೂ ಕುರುಡ ಆಗಿದ್ದೆ. ನಾಳೇನೇ ಶಿವಮೊಗ್ಗಕ್ಕೆ ಹೋಗಿ ಮಾತು ಕೊಟ್ಟು ಬರ್ತೀನಿ.”

ಜಗದಾಂಬಾ ಸಕ್ಕರೆ ತರಲು ಒಳಗೆ ಹೋದಳು. ಜಯಶೀಲಾ ಮುಖ ತಗ್ಗಿಸಿದಳು. ಮೊರದಲ್ಲಿ ಕಾಳು ಯಾವುದು, ಸಿಪ್ಪೆ ಯಾವುದು ಎನ್ನುವುದು ಅವಳಿಗೆ ಗೊತ್ತಾಗುತ್ತಿರಲಿಲ್ಲ.

“ಒಂದು ಮಾತು ಕೇಳ್ತೀನಿ,” ಎಂದರು ಅಪ್ಪ, ಅವಳ ಪಕ್ಕದಲ್ಲೇ ನೆಲದ ಮೇಲೆ ಕೂರುತ್ತ. “ಅವತ್ತು ಕಾಫಿ ಕೊಟ್ಟಾಗ ಆ ಗಾಯ ನೀನೂ ನೋಡಿದೆಯಲ್ಲ. ನಿಂಗೆ ಭಯ ಆಗಲಿಲ್ವಾ?”

ಜಯಶೀಲಾ ತಲೆ ಎತ್ತಿದಳು. ಕೇಳಬಾರದ್ದನ್ನು ಕೇಳಿದವರನ್ನು ನೋಡುವ ಹಾಗೆ ಅಪ್ಪನನ್ನು ನೋಡಿದಳು.

“ಭಯ ಯಾಕೆ ಆಗುತ್ತೆ ಅಪ್ಪಾಜಿ? ನಾನು ನಾಟಕ ಮುಂದೆ ಕೂತು ನೋಡಿದೋಳಲ್ಲ. ನಿಮ್ಮ ಬಣ್ಣದ ಪೆಟ್ಟಿಗೆ ಪಕ್ಕ ಕೂತು ಬೆಳೆದೋಳು. ನಾಯಕನ ಪಾತ್ರದೋರು ಬಣ್ಣ ಅಳಿಸುತ್ತೆ ಅಂತ ನನ್ನನ್ನ ಹತ್ರ ಸೇರಿಸ್ತಿರಲಿಲ್ಲ. ರಾಣಿ ಪಾತ್ರದೋರು ಸೀರೆ ಮುಟ್ಟಬೇಡ ಅಂತಿದ್ರು. ನಂಗೆ ನಿದ್ದೆ ಬಂದ್ರೆ ತೊಡೆ ಮೇಲೆ ಮಲಗಿಸ್ಕೊಂಡು ತಟ್ತಾ ಇದ್ದದ್ದು ಪುಟ್ಟಯ್ಯ ಮಾಮ ಒಬ್ರೇ. ಮಧ್ಯೆ ಎಚ್ಚರ ಆದ್ರೆ ಮೊದಲು ಕಣ್ಣಿಗೆ ಬೀಳ್ತಿದ್ದದ್ದು ನೀವು ಬರೆದ ಗಾಯಾನೇ. ಅದು ಕಂಡ್ರೆ, ಸದ್ಯ, ನಮ್ಮೋರ ಹತ್ರಾನೇ ಇದೀನಿ ಅಂತ ಮತ್ತೆ ನಿದ್ದೆ ಹೋಗ್ತಿದ್ದೆ. ಅವತ್ತು ಕಾಫಿ ಕೊಟ್ಟು ಅವರ ಮುಖ ನೋಡಿದಾಗ್ಲೂ ಹಂಗೇ ಅನ್ನಿಸ್ತು.”

ಚಂದ್ರಶೇಖರಪ್ಪನವರು ಹದಿನಾರು ವರ್ಷ ಊರಿಗೆಲ್ಲ ಭಯ ಬರೆದು ಕೊಟ್ಟೆ ಎಂದುಕೊಂಡಿದ್ದರು. ಸಂತೋಷಕ್ಕೋ ನಾಚಿಕೆಗೋ ಕಣ್ಣು ತುಂಬಿ ಬಂತು, ಅವರು ಅದನ್ನು ಮುಚ್ಚಿಡಲೂ ಇಲ್ಲ. ಇಂಗಳೀಕ ಹತ್ತಿದ ಕೈಯಿಂದಲೇ ಮಗಳ ತಲೆ ಸವರಿದರು.

“ಏಳು, ಸೀರೆ ಬದಲಾಯಿಸ್ಕೋ,” ಎಂದರು. “ಆ ಹುಡುಗ ಷೆಡ್ಡಲ್ಲಿ ಒಬ್ಬನೇ ಕೂತಿದಾನೆ. ಎರಡನೇ ಅಂಕಕ್ಕಾದ್ರೂ ಹೋಗೋಣ.”